“ನೀನು ಏನನ್ನು ನಂಬ್ತೀಯ?” ಎಂದು ಗೆಳತಿ ಕೇಳಿದಾಗ

ಮನಸ್ಸಿನ ಭಾರ ಹೇಳಿಕೊಳ್ಳಲು ನನ್ನ ಬಳಿ ಬಂದ ಯುವತಿಯೊಬ್ಬರ ಕಥೆಯಿದು. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಇದೇ ಸಂಕಟ ಹೊತ್ತು ಬರುವ ಕ್ರೈಸ್ತ ಯುವಜನರನ್ನು ಮತ್ತೆ ಮತ್ತೆ ನೋಡುತ್ತಿರುವುದರಿಂದ ಬರೆಯಲೇಬೇಕೆನಿಸಿತು.

ಕರಾವಳಿಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್ ಸಭೆ) ಮನೆತನದ ಹೆಣ್ಣುಮಗಳು, ಬೆಂಗಳೂರಿನಲ್ಲಿ ನರ್ಸ್. ತಂದೆ ಕಿಡ್ನಿ ಕಾಯಿಲೆಯಿಂದ ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ. ಪಿ.ಜಿ.ಯಲ್ಲಿ ಜೊತೆಗಿದ್ದ ಹಿಂದೂ ಗೆಳತಿ ಒಂದು ರಾತ್ರಿ ಕೇಳಿದ್ದಳು: “ಅಪ್ಪನಿಗೋಸ್ಕರ ಅಷ್ಟು ಪ್ರಾರ್ಥನೆ ಮಾಡಿದೆ, ಆದರೂ ಹೋಗಿಬಿಟ್ರು. ಈಗಲೂ ಚರ್ಚಿಗೆ ಹೋಗ್ತೀಯಲ್ಲ, ನಿಜವಾಗಿ ನೀನು ಏನನ್ನು ನಂಬ್ತೀಯ?” ಕುಹಕವಿರಲಿಲ್ಲ, ಅಕ್ಕರೆಯಿಂದಲೇ ಕೇಳಿದ್ದು. ಈಕೆಗೆ ಬಾಯಿ ಕಟ್ಟಿತು. ಮಾತಾಡಿದರೆ ಮತಾಂತರ ಅಂದಾರು ಎಂಬ ಅಂಜಿಕೆಯೂ ಇತ್ತು. ಕರ್ನಾಟಕದಲ್ಲಿ 2022ರ ಮತಾಂತರ ತಡೆ ಕಾಯ್ದೆ ಬಂದಾಗಿನಿಂದ ನಮ್ಮ ಎಷ್ಟೋ ಮನೆಗಳಲ್ಲಿ ಆ ಅಂಜಿಕೆಯಿದೆ. ಆದರೆ ನಿದ್ದೆಗೆಡಿಸಿದ್ದು ಬೇರೆಯೇ. “ನನ್ನಲ್ಲಿ ವಿಶ್ವಾಸವೇ ಇಲ್ವೇನೋ ಮೇಡಂ. ಇದ್ದಿದ್ರೆ ಉತ್ತರ ಬರ್ತಿತ್ತಲ್ಲ?”

ಮೊದಲ ಭೇಟಿಗಳು ನಿದ್ದೆ, ನೈಟ್ ಡ್ಯೂಟಿ, ಊರಲ್ಲಿ ಒಂಟಿಯಾದ ತಾಯಿಯ ಚಿಂತೆಯಲ್ಲೇ ಮುಗಿದವು. ಆಮೇಲೊಂದು ದಿನ, ಕನ್ಫರ್ಮೇಶನ್ ಕ್ಲಾಸಿನಲ್ಲಿ, ಅಂದರೆ ಸಭೆಯ ಪೂರ್ಣ ಸದಸ್ಯರಾಗುವ ಮುನ್ನ ನಡೆಯುವ ಪಾಠದಲ್ಲಿ, ಕಲಿತ ವಿಶ್ವಾಸ ಪ್ರಮಾಣ (ಕ್ರೈಸ್ತರು ಏನನ್ನು ನಂಬುತ್ತಾರೆಂದು ಸಾರುವ ಸಾಲುಗಳು) ಹೇಳಿ ಎಂದೆ. ಮಗ್ಗಿ ಒಪ್ಪಿಸುವ ಹಾಗೆ ಒಂದೇ ಉಸಿರಿಗೆ ಮುಗಿಸಿದರು. “ಈಗ ನಿಧಾನಕ್ಕೆ ಹೇಳಿ. ಮನಸ್ಸು ಎಲ್ಲಿ ಹಿಡಿಯುತ್ತೋ ಅಲ್ಲೇ ನಿಲ್ಲಿಸಿ.”

“ಶಿಲುಬೆಗೆ ಹಾಕಲ್ಪಟ್ಟು, ಸತ್ತು, ಹೂಣಲ್ಪಟ್ಟು” ಎಂಬಲ್ಲಿ ನಿಂತರು. ತುಂಬ ಹೊತ್ತು ಮಾತಿಲ್ಲ. ಬ್ಯಾಗಿನ ಜಿಪ್ಪನ್ನು ಎಳೆಯುತ್ತ, ಮುಚ್ಚುತ್ತ ಕೂತಿದ್ದರು.

“ಅಪ್ಪನ ಪೆಟ್ಟಿಗೆ ಇಳಿಸಿದ ಮೇಲೆ ನಾನೂ ಮಣ್ಣು ಹಾಕಿದೆ ಮೇಡಂ. ಯೇಸುವೂ ಈ ಗುಂಡಿಯೊಳಗೆ ಹೋಗಿ ಬಂದವನಲ್ವಾ, ಅಪ್ಪ ಒಬ್ಬರೇ ಇಲ್ಲ ಅನ್ನಿಸ್ತು. ಯಾರಿಗೂ ಹೇಳಿಲ್ಲ. ಅದು ವಿಶ್ವಾಸ ಅಂತ ಲೆಕ್ಕಕ್ಕೆ ಬರುತ್ತಾ?”

ಬರುತ್ತದೆ, ಗೆಳತಿಗೆ ಅದನ್ನೇ ಹೇಳಿ ಎಂದೆ. ಉಳಿದದ್ದಕ್ಕೆ, “ನಮ್ಮ ಸಭೆ ಹೀಗೆ ನಂಬುತ್ತದೆ, ನಾನಿನ್ನೂ ಕಲಿಯುತ್ತಿದ್ದೇನೆ” ಎನ್ನಲು ನಾಚಿಕೆ ಬೇಡ. ಅಪ್ಪ ಯಾಕೆ ಉಳಿಯಲಿಲ್ಲ ಎಂಬುದಕ್ಕೆ ಕಾರಣ ಹೊಸೆಯಬೇಡಿ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ತೊಲಗಲಿ ಎಂದು ಬೇಡಿದ ಯೇಸುವಿಗೂ ಅದು ತಪ್ಪಲಿಲ್ಲ. ವಾರ್ಡಿನಲ್ಲಿ ಮಾತ್ರ ನೀವಾಗಿ ಈ ವಿಷಯ ಎತ್ತಬೇಡಿ. ಹಾಸಿಗೆ ಹಿಡಿದ ರೋಗಿಗೆ ಬೇಡವೆಂದು ಎದ್ದು ಹೋಗುವ ಸ್ವಾತಂತ್ರ್ಯವಿಲ್ಲ. ಬೈಬಲಿನಲ್ಲಿರುವ ಪೇತ್ರನ ಪತ್ರವೂ ಕೇಳಿದವರಿಗೆ ಉತ್ತರ ಕೊಡಿ ಎನ್ನುತ್ತದೆ, ಅದನ್ನೂ ಸೌಮ್ಯವಾಗಿ.

ಈ ಸಲಹೆಗೆ ಪರಿಚಯದ ಸಭಾಪಾಲಕರೊಬ್ಬರು (ಪಾಸ್ಟರ್) ಬೇಸರಪಟ್ಟರು. ಬೇಕಾದ ಸಾಲು ಆರಿಸಿಕೊಳ್ಳಲು ಹೇಳಿಕೊಡುತ್ತಿದ್ದೀರಿ ಎಂದರು. ನಾನು ಒಪ್ಪುವುದಿಲ್ಲ. ಆಕೆ ಹೇಳಿದ ಈ ಅಪೊಸ್ತಲರ ವಿಶ್ವಾಸ ಪ್ರಮಾಣ ಬೆಳೆದುಬಂದದ್ದೇ ಪ್ರಾಚೀನ ರೋಮಿನಲ್ಲಿ ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ಹೊತ್ತಿಗೆ ಕೇಳುತ್ತಿದ್ದ ಪ್ರಶ್ನೆಗಳಿಂದ. ನೀರಿನಲ್ಲಿ ನಿಂತವರು ತಾವೇ ಉತ್ತರಿಸಬೇಕಿತ್ತು. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಯೇಸು ಕಣ್ಣು ಕೊಟ್ಟ ಹುಟ್ಟುಕುರುಡನನ್ನು ನೋಡಿ. ಮೊದಲು ‘ಯೇಸು ಎಂಬ ಮನುಷ್ಯ’ ಅನ್ನುತ್ತಾನೆ, ಆಮೇಲೆ ‘ಪ್ರವಾದಿ’. ಫರಿಸಾಯರು (ಕಟ್ಟುನಿಟ್ಟಿನ ಯೆಹೂದಿ ಪಂಗಡದವರು) ಜಗ್ಗಾಡಿದಾಗ, ಕುರುಡನಾಗಿದ್ದೆ, ಈಗ ಕಾಣುತ್ತದೆ, ಅಷ್ಟು ಗೊತ್ತು ಎಂದು ನಿಲ್ಲುತ್ತಾನೆ. ಕೊನೆಗಷ್ಟೇ “ಕರ್ತನೇ, ನಂಬುತ್ತೇನೆ” ಎಂದು ಅಡ್ಡಬೀಳುತ್ತಾನೆ. ಯೇಸು ಅವನನ್ನು ಅವಸರಪಡಿಸಲಿಲ್ಲ.

ಹಾಗೆಂದು ಉಳಿದ ಸಾಲುಗಳು ಬೇಡವೆಂದಲ್ಲ. ‘ಹೂಣಲ್ಪಟ್ಟು’ ಆದ ಮೇಲೆ ಮೂರನೆಯ ದಿನವಿದೆ. ಕ್ರಿಸ್ತನು ಎದ್ದು ಬಂದಿಲ್ಲದಿದ್ದರೆ ನಿಮ್ಮ ನಂಬಿಕೆ ವ್ಯರ್ಥ ಎಂದು ಪೌಲನು ಕೊರಿಂಥದವರಿಗೆ ಬರೆದ, ನಾನೂ ಹಾಗೇ ನಂಬುತ್ತೇನೆ. ಕ್ರಿಸ್ತನು ಸತ್ತದ್ದು ನಮ್ಮ ಪಾಪಗಳಿಗಾಗಿ, ಕ್ಷಮೆ ನಾವು ದುಡಿದು ಗಳಿಸುವಂಥದ್ದಲ್ಲ, ಅದು ಕೃಪೆ. ಇವೆಲ್ಲ ಆಕೆಗೆ ಬಾಯಿಪಾಠವಿತ್ತು. ಬಾಯಿಪಾಠವನ್ನು ಗೆಳತಿಗೆ ಒಪ್ಪಿಸಿದ್ದರೆ ಇಬ್ಬರಿಗೂ ಏನೂ ದಕ್ಕುತ್ತಿರಲಿಲ್ಲ.

ಅಪ್ಪನ ಗುಂಡಿಯ ಬಳಿ ಅನ್ನಿಸಿದ್ದನ್ನೇ ಆಕೆ ಗೆಳತಿಗೆ ಹೇಳಿದರು. ಗೆಳತಿ ಕೇಳಿ, “ಹಾಗಾದ್ರೆ ನಮ್ಮಜ್ಜಿ ಎಲ್ಲಿದ್ದಾರೆ?” ಎಂದಳಂತೆ. ಆ ಪ್ರಶ್ನೆ ಹಿಡಿದುಕೊಂಡು ಮತ್ತೆ ಬಂದರು. ತೀರ್ಪು ಹೇಳುವ ಅಧಿಕಾರ ನಮಗೆ ಕೊಟ್ಟಿಲ್ಲ, ಅಜ್ಜಿಯನ್ನು ದೇವರ ಕರುಣೆಗೆ ಬಿಟ್ಟಿದ್ದೇನೆ ಎನ್ನಿ, ಮೊದಲು ಅಜ್ಜಿಯ ಬಗ್ಗೆ ಕೇಳಿ ಎಂದೆ. ಪಾಪಕ್ಷಮೆಯ ಬಗ್ಗೆ ಇರುವ ಗೊಂದಲಕ್ಕೆ ತಮ್ಮ ಸಭಾಪಾಲಕರನ್ನು ಕಾಣುತ್ತಿದ್ದಾರೆ. ನನ್ನ ಬಳಿ ಈಗ ಅಪ್ಪನ ವಿಷಯಕ್ಕೆ ಬರುತ್ತಿದ್ದಾರೆ. ಆ ದುಃಖವನ್ನು ಇನ್ನೂ ಮುಟ್ಟಿಯೇ ಇರಲಿಲ್ಲ.