ಸಾಲ ಮಾಡಿ ದಶಮಾಂಶ ಕೊಡಬೇಕೇ?

ಹಾವೇರಿ ಜಿಲ್ಲೆಯ ಸಹೋದರಿಯೊಬ್ಬರು ಬರೆದಿದ್ದಾರೆ: "ಯಜಮಾನರು ತೀರಿಕೊಂಡಿದ್ದಾರೆ. ಹೊಲಿಗೆಯ ಸಂಪಾದನೆಯಲ್ಲಿ ಬಾಡಿಗೆ, ಮಗಳ ಕಾಲೇಜು ಶುಲ್ಕ, ಸಂಘದ ಕಂತು ಕಳೆದರೆ ದಿನಸಿಗಷ್ಟೇ ಉಳಿಯುತ್ತದೆ. ದಶಮಾಂಶ, ಅಂದರೆ ಆದಾಯದ ಹತ್ತರಲ್ಲೊಂದು ಪಾಲನ್ನು, ಸಭೆಗೆ ಕೊಡದವರು ದೇವರಿಂದ ಕದ್ದವರು ಎಂದು ಸಭಾಪಾಲಕರು ಹೇಳಿದ ಮೇಲೆ ಕೈಸಾಲ ಮಾಡಿ ಕೊಟ್ಟೆ. ಮುಂದುವರಿಸಬೇಕೇ?"

ಬೇಡ ಸಹೋದರಿ. ಕಾಣಿಕೆಗಾಗಿ ಇನ್ನು ಒಂದು ರೂಪಾಯಿ ಸಾಲವನ್ನೂ ಮಾಡಬೇಡಿ.

ನಿಮಗೆ ಕೇಳಿಸಿದ ಮಾತು ಬೈಬಲಿನಲ್ಲಿ ಪ್ರವಾದಿ ಮಲಾಕಿಯನ ಗ್ರಂಥದ ಮೂರನೆಯ ಅಧ್ಯಾಯದ ಎಂಟನೆಯ ವಚನದ್ದು. ಅದೇ ಅಧ್ಯಾಯದ ಐದನೆಯ ವಚನವನ್ನೂ ಓದಿ. ಕೂಲಿಯವನ ಕೂಲಿಯನ್ನು ಹಿಡಿದವರಿಗೆ, ವಿಧವೆಯನ್ನೂ ಅನಾಥನನ್ನೂ ಪೀಡಿಸಿದವರಿಗೆ ವಿರುದ್ಧವಾಗಿ ದೇವರು ತಾನೇ ಸಾಕ್ಷಿಯಾಗಿ ನಿಲ್ಲುತ್ತಾನೆ ಎಂದು ಅಲ್ಲಿದೆ. ಎಂಟನೆಯ ವಚನವನ್ನು ಎತ್ತಿ ಹಿಡಿದು ಐದನೆಯದನ್ನು ಬಿಟ್ಟುಬಿಡುವ ಬೋಧನೆ ನನಗೆ ಕೋಪ ತರಿಸುತ್ತದೆ. ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದ ಪ್ರಕಾರ ಮೂರು ವರ್ಷಕ್ಕೊಮ್ಮೆ ಬೆಳೆಯ ದಶಮಾಂಶವನ್ನು ಊರಿನಲ್ಲೇ ಕೂಡಿಡಬೇಕಿತ್ತು; ದೇವಾಲಯದ ಸೇವೆಯ ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರು ಬಂದು ಹೊಟ್ಟೆತುಂಬ ಊಟಮಾಡಲಿ ಎಂದು. ಆ ವ್ಯವಸ್ಥೆಯಲ್ಲಿ ನಿಮ್ಮ ಜಾಗ ಪಂಕ್ತಿಯಲ್ಲಿತ್ತು.

ಹಾಗೆಂದು ಕ್ರಮವಾಗಿ ಕೊಡುವುದನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಮನಸ್ಸು ಬಂದಾಗ ಮಾತ್ರ ಕೊಡುವವರಿಂದ ಯಾವ ಸಭೆಯೂ ನಡೆಯುವುದಿಲ್ಲ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುವಾಗ ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ಮೊದಲನೆಯ ಪತ್ರದಲ್ಲಿ ಹೇಳಿದ್ದು, ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನಗೆ ಬಂದ ಆದಾಯಕ್ಕೆ ತಕ್ಕಂತೆ ತೆಗೆದಿಡಲಿ ಎಂದು. ದಿನ ಗೊತ್ತುಮಾಡಿದನು, ಮೊತ್ತವನ್ನು ಗೊತ್ತುಮಾಡಲಿಲ್ಲ. ಎರಡನೆಯ ಪತ್ರದಲ್ಲಂತೂ, ಒಬ್ಬನಲ್ಲಿ ಇರುವುದಕ್ಕೆ ತಕ್ಕಂತೆ ಕೊಟ್ಟದ್ದು ಸಮರ್ಪಕ, ಇಲ್ಲದ್ದನ್ನು ದೇವರು ಕೇಳುವುದಿಲ್ಲ ಎಂಬರ್ಥದಲ್ಲಿ ಸ್ಪಷ್ಟವಾಗಿ ಬರೆದನು. ಕೈಸಾಲದ ದುಡ್ಡು ನಿಮ್ಮಲ್ಲಿ ಇಲ್ಲದ್ದೇ ತಾನೆ?

ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು ಅಡುಗೆಗೆ ಅಕ್ಕಿ ಅಳೆಯುವಾಗ ಪ್ರತಿ ಸಲವೂ ಒಂದು ಹಿಡಿ ತೆಗೆದಿಡುತ್ತಾರೆ. ಅದಕ್ಕೆ ಬುಹ್‌ಫಾಯ್ ಥಾಮ್ ಎನ್ನುತ್ತಾರೆ, 1910ರಲ್ಲಿ ಆರಂಭವಾಯಿತು. ಕೂಡಿದ ಅಕ್ಕಿಯನ್ನು ಮಾರಿ ಬಂದ ಹಣದಿಂದ ಸುವಾರ್ತೆಯ ಕೆಲಸ ಇಂದಿಗೂ ನಡೆಯುತ್ತಿದೆ. ಅಂದಿನ ಅನ್ನದಿಂದಲೇ ತೆಗೆದ ಹಿಡಿಯದು. ಅದಕ್ಕಾಗಿ ಯಾರೂ ಸಾಲ ಕೊಡುವವರ ಬಾಗಿಲಿಗೆ ಹೋಗಬೇಕಾಗಿಲ್ಲ. ನಿಮಗೂ ಈ ದಾರಿ ಸಾಕು: ಹೊಲಿಗೆಯ ಹಣ ಬಂದ ದಿನ, ಮನೆಗೆ ಕೊರತೆಯಾಗದಷ್ಟನ್ನು ಬೇರೆ ಇಡಿ, ಹತ್ತು ರೂಪಾಯಿಯಾದರೂ ಸರಿ.

ದೇವಾಲಯದ ಕಾಣಿಕೆ ಪೆಟ್ಟಿಗೆಗೆ ತನ್ನಲ್ಲಿದ್ದ ಎರಡೇ ಕಾಸು ಹಾಕಿದ ವಿಧವೆಯ ಕಥೆಯನ್ನು ನಿಮಗೆ ಯಾರಾದರೂ ನೆನಪಿಸಬಹುದು. ಮಾರ್ಕನ ಸುವಾರ್ತೆಯಲ್ಲಿ ಆ ಕಥೆಗೆ ತುಸು ಮೊದಲು, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಯೇಸು ಖಂಡಿಸುತ್ತಾನೆ. ಆಕೆಯನ್ನು ಆತನು ಮೆಚ್ಚಿದನು ನಿಜ, ಆದರೆ ಅಷ್ಟನ್ನು ಹಾಕೆಂದು ಆಕೆಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ವಿಷಯ ಸಭೆಯ ಹಿರಿಯರಿಗೆ. ಕೂಡಿಸಿದ ಹಣದ ಬಗ್ಗೆ ಯಾರೂ ತಪ್ಪು ಹೊರಿಸದಿರಲೆಂದು ಪೌಲನು ತನ್ನ ಜೊತೆಕೆಲಸದವನಾದ ತೀತನ ಜೊತೆಗೆ ಸಭೆಗಳು ಆರಿಸಿದ ಸಹೋದರನನ್ನೂ ಕಳುಹಿಸಿದನು. ಕೊಡಿ ಎಂದು ಕೇಳುವ ಸಭೆ ವರ್ಷದ ಲೆಕ್ಕವನ್ನು ಎಲ್ಲರ ಮುಂದೆ ಓದಬೇಕು.

ಸಹೋದರಿ, ಮೊದಲು ಆ ಕೈಸಾಲ ತೀರಿಸಿ. ಯೆರೂಸಲೇಮಿನ ಮೊದಲ ಸಭೆ ವಿಧವೆಯರಿಗೆ ದಿನನಿತ್ಯ ಹಂಚುವ ಕೆಲಸಕ್ಕೆಂದು ಏಳು ಮಂದಿಯನ್ನು ನೇಮಿಸಿತ್ತು. ನಿಮ್ಮ ಸಭೆಯಲ್ಲಿ ಬಡವರ ನಿಧಿ ಇದ್ದರೆ, ಮಗಳ ಶುಲ್ಕಕ್ಕಾಗಿ ಈ ತಿಂಗಳೇ ಅರ್ಜಿ ಕೊಡಿ. ಇಲ್ಲದಿದ್ದರೆ ಏಕಿಲ್ಲವೆಂದು ಹಿರಿಯರನ್ನು ಕೇಳಿ.

— ಸಂಪಾದಕರು