ಶೀತಲ ಸಮರಕ್ಕೂ ಅಮೆರಿಕದ ಕಪ್ಪು ಜನರ ಹಕ್ಕಿನ ಹೋರಾಟಕ್ಕೂ ಏನು ಸಂಬಂಧ?

ಸಂಬಂಧ ಜಾಸ್ತಿನೇ ಇದೆ. 1945ರ ನಂತರ ಅಮೆರಿಕ, ಸೋವಿಯತ್ ಒಕ್ಕೂಟ ಎರಡೂ ಏಷ್ಯಾ, ಆಫ್ರಿಕಾದ ಹೊಸ ದೇಶಗಳನ್ನು ತಮ್ಮ ಕಡೆ ಸೆಳೆಯಲು ನೋಡುತ್ತಿದ್ದವು. ಅಮೆರಿಕ ಸ್ವಾತಂತ್ರ್ಯದ ಮಾತಾಡಿದಾಗಲೆಲ್ಲ ಮಾಸ್ಕೋ ಅಲ್ಲಿನ ವರ್ಣಭೇದವನ್ನು ಎತ್ತಿ ತೋರಿಸುತ್ತಿತ್ತು. ಅದು ಸುಳ್ಳೇನೂ ಅಲ್ವಲ್ಲ.

1955ರಲ್ಲಿ ಹ್ಯೂಸ್ಟನ್ ವಿಮಾನ ನಿಲ್ದಾಣದ ರೆಸ್ಟೋರೆಂಟಿನಲ್ಲಿ ನಮ್ಮ ರಾಯಭಾರಿ ಜಿ.ಎಲ್. ಮೆಹ್ತಾ ಅವರನ್ನೇ ಬಿಳಿಯರ ಜಾಗದಿಂದ ಬೇರೆ ಕೋಣೆಗೆ ಕಳಿಸಿದರು. ಅಮೆರಿಕದ ವಿದೇಶಾಂಗ ಸಚಿವ ಡಲೆಸ್ ಕ್ಷಮೆ ಕೇಳಬೇಕಾಯಿತು.

ಶಾಲೆಗಳಲ್ಲಿ ಕಪ್ಪು, ಬಿಳಿ ಮಕ್ಕಳನ್ನು ಬೇರೆ ಇಡುವುದರ ವಿರುದ್ಧದ ಬ್ರೌನ್ ಮೊಕದ್ದಮೆಯಲ್ಲೂ ಇದು ಕಾಣುತ್ತದೆ. ಈ ಭೇದಭಾವ ಕಮ್ಯುನಿಸ್ಟ್ ಪ್ರಚಾರಕ್ಕೆ ಸರಕಾಗುತ್ತಿದೆ ಎಂದು 1952ರಲ್ಲಿ ಸರ್ಕಾರವೇ ಸುಪ್ರೀಂ ಕೋರ್ಟಿಗೆ ಬರೆದುಕೊಟ್ಟಿತು. 1954ರಲ್ಲಿ ಹೀಗೆ ಬೇರೆ ಇಡುವುದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಬಂದ ಕೂಡಲೇ ಅಮೆರಿಕ ಸರ್ಕಾರದ ರೇಡಿಯೊ ವಾಯ್ಸ್ ಆಫ್ ಅಮೆರಿಕ ಅದನ್ನು ಹಲವು ಭಾಷೆಗಳಲ್ಲಿ ಜಗತ್ತಿಗೆ ಸಾರಿತು.

ಆದರೆ ಇದೇ ಪೈಪೋಟಿ ಹೋರಾಟಗಾರರ ಬಾಯಿಯನ್ನೂ ಕಟ್ಟಿತು. ವರ್ಣಭೇದದ ವಿರುದ್ಧ ದನಿ ಎತ್ತುತ್ತಿದ್ದ, ಸೋವಿಯತ್ ಪರ ಒಲವಿದ್ದ ಕಪ್ಪು ಗಾಯಕ ಪಾಲ್ ರೋಬ್ಸನ್ ಅವರ ಪಾಸ್‌ಪೋರ್ಟನ್ನು 1950ರಲ್ಲಿ ರದ್ದು ಮಾಡಿದರು. ಮತ್ತೆ ಸಿಕ್ಕಿದ್ದು 1958ರಲ್ಲಿ.

ಹಾಗಂತ ಮಾಸ್ಕೋ ಭಯದಿಂದಲೇ ಹಕ್ಕು ಸಿಕ್ಕಿತು ಅನ್ನೋದನ್ನು ನಾನು ಒಪ್ಪಲ್ಲ. ಅಮೆರಿಕದ ದಕ್ಷಿಣದ ಊರು ಮಾಂಟ್ಗೊಮೆರಿಯಲ್ಲಿ, ಬಸ್ಸಿನೊಳಗಿನ ವರ್ಣಭೇದ ವಿರೋಧಿಸಿ ಒಂದು ವರ್ಷಕ್ಕೂ ಹೆಚ್ಚು ಕಾಲ ಬಸ್ ಹತ್ತದೆ ಕೆಲಸಕ್ಕೆ ನಡೆದು ಹೋದವರು ಅಲ್ಲಿನ ಸಾಮಾನ್ಯ ಕಪ್ಪು ಜನ.