ಮೊದಲು ಹಿಂಬದಿ ತಿರುಗಿಸಿ ನೋಡಿ

ಪ್ರಶ್ನೆ: ಹಳೇ ಆಟಗಾರರ ಫೋಟೊ ಕೂಡಿಡುವುದು ನನ್ನ ಹವ್ಯಾಸ. ಕೆನಡಾದಲ್ಲಿರುವ ಅಕ್ಕನ ಮಗ ಅಲ್ಲಿ ಒಂದು ಫೋಟೊ ಪೋಸ್ಟ್‌ಕಾರ್ಡ್ ನೋಡಿದ್ದಾನೆ. ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಐಸ್ ಹಾಕಿ ಗೋಲ್‌ಕೀಪರ್ ಜಾರ್ಜ್ ವೆಜಿನಾ ಅವರದ್ದು, 1912ರಲ್ಲಿ ತೆಗೆದದ್ದು ಅಂತ ಮಾರುವವರು ಹೇಳುತ್ತಾರಂತೆ. ಜರ್ಸಿಯಲ್ಲಿ ‘ಸಿ’ ಅಕ್ಷರದೊಳಗೆ ‘ಎಚ್’ ಇದೆ. ಹಿಂದೆ ಸ್ಟ್ಯಾಂಪ್ ಹಚ್ಚುವ ಚೌಕದಲ್ಲಿ ‘ಅಝೋ’ ಅಂತಿದೆ, ಮೂಲೆಗೊಂದು ತ್ರಿಕೋನ. ಎರಡು ಮೇಲ್ಮುಖ, ಎರಡು ಕೆಳಮುಖ. ಹದಿನೈದು ಸಾವಿರ ಕೊಡಬಹುದಾ ಸರ್?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: 1912ರ ಫೋಟೊ ಅಂತ ದುಡ್ಡು ಕೊಡಬೇಡಿ. ಅದು ಆ ವರ್ಷದ್ದಲ್ಲ.

ಚಿತ್ರದುರ್ಗದಲ್ಲಿ ಅಪ್ಪನಿಗೆ ಸ್ಟುಡಿಯೊ ಇತ್ತು. ಯಾರಾದರೂ ಹಳೇ ಫೋಟೊ ತಂದರೆ ಅಪ್ಪ ಮುಖ ನೋಡುವ ಮೊದಲು ಹಿಂಬದಿ ತಿರುಗಿಸುತ್ತಿದ್ದರು. ನಿಮ್ಮ ಕಾರ್ಡಿನಲ್ಲೂ ಹಿಂಬದಿಯೇ ವರ್ಷ ಹೇಳುತ್ತಿದೆ. ಅಝೋ ಅನ್ನುವುದು ಕೊಡಾಕ್ ಕಾಗದ. ನಾಲ್ಕೂ ತ್ರಿಕೋನ ಮೇಲ್ಮುಖವಾಗಿದ್ದರೆ 1904ರಿಂದ 1918ರ ನಡುವಿನದು. ಎರಡು ಕೆಳಮುಖವಾದರೆ 1918ರಿಂದ 1930ರದ್ದು. ಜರ್ಸಿಯೂ ಅದನ್ನೇ ಹೇಳುತ್ತಿದೆ. ಆ ತಂಡದ ‘ಸಿ’ಯೊಳಗೆ ಮೊದಲು ‘ಎ’ ಇತ್ತು. ‘ಎಚ್’ ಬಂದದ್ದು 1917ರ ಸುಮಾರಿಗೆ.

ಹಾಗಂತ ಬೇಜಾರಾಗಬೇಡಿ. ವೆಜಿನಾ 1910ರಲ್ಲಿ ತಂಡ ಸೇರಿದವರು. ಹದಿನೈದು ವರ್ಷ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. 1925ರ ನವೆಂಬರ್ 28ರಂದು ಜ್ವರದಲ್ಲೇ ಆಡಲಿಳಿದು, ಆಟದ ನಡುವೆ ಹೊರಬಂದರು. ಕ್ಷಯ ಅಂತ ಗೊತ್ತಾಯಿತು. ಮುಂದಿನ ಮಾರ್ಚ್‌ನಲ್ಲಿ ತೀರಿಕೊಂಡರು. ಹಾಗಾಗಿ ಕಾರ್ಡಿನಲ್ಲಿರುವುದು ನಿಜಕ್ಕೂ ಅವರೇ ಆಗಿದ್ದರೆ, ಅದು ಅವರ ಕೊನೆಯ ವರ್ಷಗಳ ಚಿತ್ರ. ನನಗಂತೂ ಇದೇ ಜಾಸ್ತಿ ಬೆಲೆಬಾಳುವುದು. ಆಗಿನ ಗೋಲ್‌ಕೀಪರ್‌ಗಳು ಮುಖಕ್ಕೆ ಏನೂ ಹಾಕುತ್ತಿರಲಿಲ್ಲ. ಮುಖ ಪೂರ್ತಿ ಕಾಣುತ್ತದೆ ಅಲ್ವಾ? ಅವರ ಬೇರೆ ಫೋಟೊ ಪಕ್ಕದಲ್ಲಿಟ್ಟು ಕಿವಿ, ಮೂಗು ಹೋಲಿಸಿ ನೋಡಿ.

ಅಕ್ಕನ ಮಗನಿಗೆ ಎರಡು ಕೆಲಸ ಹೇಳಿ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಭೂತಗನ್ನಡಿಯಲ್ಲಿ ಕಾರ್ಡ್ ನೋಡಲಿ. ಪೇಪರಿನ ಚಿತ್ರದ ಹಾಗೆ ಸಾಲು ಸಾಲು ಚುಕ್ಕಿ ಕಂಡರೆ ಅದು ಮುದ್ರಣ, ಫೋಟೊ ಅಲ್ಲ. ಆಮೇಲೆ ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷಿಸುವ ನೀಲಿ ಟಾರ್ಚ್ ಬಿಡಲಿ. ಪಕ್ಕದಲ್ಲಿ ಒಂದು ಜೆರಾಕ್ಸ್ ಹಾಳೆ ಇರಲಿ. ಫೋಟೊ ಕಾಗದಕ್ಕೆ ಬಿಳುಪಿನ ರಾಸಾಯನಿಕ ಸೇರಿಸಲು ಶುರುಮಾಡಿದ್ದು 1950ರ ದಶಕದಲ್ಲಿ. ಹಾಳೆಯ ಹಾಗೆ ಕಾರ್ಡೂ ಹೊಳೆದರೆ ಅದು ಈಚಿನದು, ಕೈಬಿಡಿ.

ಕಾರ್ಡ್ ಕೈಗೆ ಬಂದರೆ ಲ್ಯಾಮಿನೇಷನ್ ಮಾಡಿಸಬೇಡಿ. ಗಾಜಿಗೆ ತಾಗಿಸಿ ಫ್ರೇಮ್ ಹಾಕಿಸಲೂ ಬೇಡಿ. ಅಪ್ಪನ ಕಾಲೇಜು ಹಾಕಿ ತಂಡದ ಫೋಟೊ ಮಳೆಗಾಲದ ಥಂಡಿಗೆ ಗಾಜಿಗೆ ಅಂಟಿಕೊಂಡಿತ್ತು. ಕೀಳಲು ಹೋದೆ, ಎರಡು ಮುಖ ಗಾಜಿನ ಜೊತೆಗೇ ಬಂದವು. ಅದರಲ್ಲಿ ಒಂದು ಅಪ್ಪನದು. ಪಾಲಿಯೆಸ್ಟರ್ ಕವರಿನಲ್ಲಿ ಹಾಕಿ, ಬಿಸಿಲು ಬೀಳದ ಕಡೆ ಇಡಿ.

ಹಿಂಬದಿಯಲ್ಲಿ ಯಾರಾದರೂ ಕೈಯಲ್ಲಿ ಏನಾದರೂ ಬರೆದಿದ್ದರೆ ಅದರ ಫೋಟೊನೂ ತರಿಸಿಕೊಂಡು ಕಳಿಸಿ, ನೋಡೋಣ.